ಸರ್ವಾನುಮತದ ಊಟ

ಸಭೆ ನಡೆಯುವ ಮೊದಲೇ ಅದರ ನಡಾವಳಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಹೇಳಿದರೆ ನಗುತ್ತೀರಿ. ಆದರೆ ವಿಜಯವಾಡದ ಆ ಕಂಪನಿಯಲ್ಲಿ ಎರಡು ವರ್ಷ ನಾನು ಹಾಗೇ ಮಾಡಿದೆ, ಒಂದು ಸಾಲೂ ತಪ್ಪಲಿಲ್ಲ. ‘ಮಂಡಳಿಯು ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಿತು’ ಎಂದು ಬೆಳಿಗ್ಗೆ ಒಂಬತ್ತಕ್ಕೆ ಟೈಪ್ ಮಾಡಿಡುತ್ತಿದ್ದೆ. ಹನ್ನೊಂದಕ್ಕೆ ಸಭೆ, ಹನ್ನೊಂದೂಕಾಲಿಗೆ ಕಾಫಿ. ಹನ್ನೊಂದೂವರೆಗೆಲ್ಲ ನಿರ್ದೇಶಕರು ಕರಡು ಪ್ರತಿಗೆ ಕಿರುಸಹಿ ಹಾಕಿ ಎದ್ದುಬಿಡುತ್ತಿದ್ದರು.

ನಾನು ಕಂಪನಿ ಸೆಕ್ರೆಟರಿ. ದಾವಣಗೆರೆಯ ನಮ್ಮ ನೆಂಟರು ನನ್ನನ್ನು ಟೈಪಿಸ್ಟ್ ಎಂದೇ ತಿಳಿದಿದ್ದರು, ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಕಂಪನಿಯ ನಿರ್ದೇಶಕ ಮಂಡಳಿ ಕಾನೂನಿನ ಪ್ರಕಾರ ನಡೆಯುವಂತೆ ನೋಡಿಕೊಳ್ಳುವುದು ನನ್ನ ಹುದ್ದೆ. ಕಂಪನಿ ಶುರುವಾಗಿದ್ದು ಊರಿನ ಲಾರಿ ರಿಪೇರಿ ಅಂಗಡಿಗಳೆಲ್ಲ ಇರುವ ಆಟೋನಗರ್‌ನ ಒಂದು ಐಸ್ ಫ್ಯಾಕ್ಟರಿಯಾಗಿ. ಆಮೇಲೆ ವಿಶಾಖಪಟ್ಟಣದಲ್ಲಿ ಸಿಗಡಿ ಸುಲಿದು, ಹೆಪ್ಪುಗಟ್ಟಿಸಿ, ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಬಂತು. ಅದಾದ ಮೇಲೆ ಷೇರುಪೇಟೆ. ಎಲ್ಲವನ್ನೂ ಕಟ್ಟಿದ ಯಜಮಾನರನ್ನು ಮನೆಯವರು, ಆಫೀಸಿನವರು, ಎದುರಿನ ಲಾರಿ ರಿಪೇರಿಯವರು ಎಲ್ಲರೂ ‘ಪೆದ್ದಾಯನ’ ಎಂದೇ ಕರೆಯುತ್ತಿದ್ದರು, ಅಂದರೆ ದೊಡ್ಡವರು. ಅವರೇ ಅಧ್ಯಕ್ಷರು, ಅವರೇ ಆಡಳಿತ ನಿರ್ದೇಶಕರು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಕಾಲ ಅದು. ಮಂಡಳಿಯ ಅರ್ಧ ಜನ ಹೊರಗಿನವರಾಗಿರಬೇಕು, ಸ್ವತಂತ್ರರಾಗಿರಬೇಕು ಎಂಬ ನಿಯಮ ಬಿಗಿಯಾಗಿತ್ತು. ನಮ್ಮಲ್ಲಿ ಆರು ಕುರ್ಚಿ. ಮೂರರಲ್ಲಿ ಪೆದ್ದಾಯನ, ಅವರ ತಮ್ಮ, ಅವರ ಅಳಿಯ. ಉಳಿದ ಮೂರು ಸ್ವತಂತ್ರರದು. ಅವರಲ್ಲಿ ಒಬ್ಬರು ಪೆದ್ದಾಯನರ ಸೊಸೆಯ ಅಪ್ಪ. ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿ ಬೀಗರು ಬರುವುದಿಲ್ಲವಾದ್ದರಿಂದ ಅವರು ಸ್ವತಂತ್ರರು! ಇನ್ನೊಬ್ಬರು ಪೆದ್ದಾಯನರ ಜೊತೆ ಗೋಲಿಯಾಡಿ ಬೆಳೆದ ಗೆಳೆಯರು. ಮೂರನೆಯವರೊಬ್ಬರೇ ನಿಜಕ್ಕೂ ಹೊರಗಿನವರು. ಅವರನ್ನು ತಂದವಳು ನಾನು.

ಅವರು ವಿಶಾಖಪಟ್ಟಣದಲ್ಲಿ ಯಂತ್ರಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಪ್ರೊಫೆಸರ್, ಮೂಲ ಮೈಸೂರಿನ ಕಡೆಯವರು. ಅಲ್ಲಿನ ಎಂವಿಪಿ ಕಾಲೋನಿಯಲ್ಲಿ ಕನ್ನಡದವರು ಸೇರಿದ್ದ ಒಂದು ಯುಗಾದಿಯ ದಿನ ಪರಿಚಯವಾಗಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಶೀತಲಯಂತ್ರದ ಬಗ್ಗೆ ಅರ್ಧ ಗಂಟೆ ಮಾತಾಡಿದ್ದರು. ನಾನು ಪೆದ್ದಾಯನರಿಗೆ ಅವರ ಹೆಸರು ಸೂಚಿಸಿದೆ. “ಜಗಳಗಂಟ ಅಲ್ಲವಲ್ಲ?” ಎಂದು ಕೇಳಿದರು. ಅಲ್ಲ ಎಂದೆ.

ಎಲ್ಲಕ್ಕೂ ಸರ್ವಾನುಮತ ಹೇಗೆ ಬರುತ್ತಿತ್ತು ಎಂಬುದು ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು. ಆ ಮನೆಯಲ್ಲಿ ಪೆದ್ದಾಯನರ ಎದುರು ‘ಬೇಡ’ ಅನ್ನುವ ಪದ್ಧತಿಯೇ ಇರಲಿಲ್ಲ. ಬೇಡ ಅನ್ನಬೇಕಾದವರು ಸಭೆಗೆ ಮುಂಚೆ ಮನೆಗೆ ಹೋಗಬೇಕು, ಊಟಕ್ಕೆ ಕೂರಬೇಕು, ಬಡಿಸುವ ಅಮ್ಮನ ಹತ್ತಿರ ಹೇಳಿಕೊಳ್ಳಬೇಕು. ಅಮ್ಮ ಅಂದರೆ ಪೆದ್ದಾಯನರ ಹೆಂಡತಿ. ಅವರು ಮರುದಿನ ಬೆಳಗಿನ ಕಾಫಿ ಕೊಡುವಾಗ ಗಂಡನ ಕಿವಿಗೆ ಹಾಕುತ್ತಿದ್ದರು. ಹತ್ತಕ್ಕೆ ಆಫೀಸಿಗೆ ಬರುವಷ್ಟರಲ್ಲಿ ಪೆದ್ದಾಯನರ ಮನಸ್ಸು ಬದಲಾಗಿರುತ್ತಿತ್ತು, ಅದು ತಮ್ಮದೇ ವಿಚಾರ ಎಂಬಂತೆ ಹೇಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ.

ಅಮ್ಮ ಹುಟ್ಟಿದ್ದು ಬಳ್ಳಾರಿಯಲ್ಲಿ. ಹದಿನಾರಕ್ಕೆ ಮದುವೆಯಾಗಿ ಇಲ್ಲಿಗೆ ಬಂದವರು. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಮಕ್ಕಳು ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ನಾನು ಸಿಕ್ಕ ಮೇಲೆ ಅವರ ಬಾಯಿಗೆ ಹಬ್ಬ. ಫೈಲು ಹಿಡಿದು ಮನೆಗೆ ಹೋದರೆ ಸಹಿಗಿಂತ ಮೊದಲು ತಿಂಡಿ, ಊರಿನ ಮಾತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ತಪ್ಪು ಮಾಡಿದೆ. ಅದಕ್ಕೇ ಇದನ್ನು ಬರೆಯುತ್ತಿರುವುದು.

ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಸಿಗಡಿಯನ್ನು ತಣ್ಣಗಿಡುತ್ತಿದ್ದುದು ಅಮೋನಿಯಾ. ಅದು ಹರಿಯುವ ಪೈಪುಗಳು ಹಳೆಯವು, ಸವೆದಿವೆ, ಮೂರು ವಾರ ಕಾರ್ಖಾನೆ ನಿಲ್ಲಿಸಿ ಬದಲಾಯಿಸಬೇಕು ಎಂದು ಅಲ್ಲಿನ ಎಂಜಿನಿಯರ್ ವರದಿ ಬರೆದಿದ್ದ. ಆದರೆ ಸಿಗಡಿಯ ಹಂಗಾಮು ಶುರುವಾಗಲು ಒಂದೇ ವಾರವಿತ್ತು. ಹಂಗಾಮು ಮುಗಿದ ಮೇಲೆ ನೋಡೋಣ ಎಂಬುದು ಪೆದ್ದಾಯನರ ಯೋಚನೆ. ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಅವರ ತಮ್ಮನಿಗೆ ಮಾತ್ರ ಭಯ ಹಿಡಿದಿತ್ತು. ಒಳಗೆ ಮುನ್ನೂರು ಹೆಂಗಸರು ಕೆಲಸ ಮಾಡುತ್ತಿದ್ದರು. ತಮ್ಮ ಆಗಲೇ ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದೂ ನನಗೆ ಗೊತ್ತಿತ್ತು.

ಆದರೆ ಪೆದ್ದಾಯನ ಪ್ರತಿ ಹಂಗಾಮಿಗೂ ಮೊದಲು ವಿಶಾಖಪಟ್ಟಣದ ಬಳಿಯ ಸಿಂಹಾಚಲಂ ದೇವಸ್ಥಾನಕ್ಕೆ ಹೋಗುವವರು. ಆ ಸಲ ದರ್ಶನ ಮುಗಿಸಿ, ರೈಲಿಳಿದು, ಮನೆಗೂ ಹೋಗದೆ ನೇರ ಸಭೆಗೆ ಬಂದರು. ಅಂದರೆ ಕಾಫಿ ಆಗಿರಲಿಲ್ಲ. ಅಮ್ಮ ಏನನ್ನೂ ಹೇಳಿರಲಿಲ್ಲ. ಸಭೆಯನ್ನು ಒಂದು ದಿನ ಮುಂದೂಡುವುದು ನನಗೆ ಕಷ್ಟವೇನಲ್ಲ, ಯಾವುದೋ ಕಾಗದ ಬಂದಿಲ್ಲ ಎಂದಿದ್ದರೆ ಸಾಕಿತ್ತು. ನಾನು ಅದನ್ನು ಮಾಡಲಿಲ್ಲ. ಬದಲಿಗೆ ಎರಡು ದಿನ ಮೊದಲೇ ಪ್ರೊಫೆಸರಿಗೆ ವರದಿ ಕಳಿಸಿ, ಫೋನ್ ಮಾಡಿ, “ಸರ್, ಇದನ್ನ ನೀವು ಮೀಟಿಂಗಲ್ಲೇ ಎತ್ತಬೇಕು, ಎಲ್ಲರ ಮುಂದೆ” ಎಂದಿದ್ದೆ.

ಯಾಕೆ ಹಾಗಂದೆ? ನನಗೆ ರೋಸಿಹೋಗಿತ್ತು. ಪರೀಕ್ಷೆಗೆ ಓದಿದ ಪುಸ್ತಕದಲ್ಲಿ ಮಂಡಳಿ ಎಂದರೆ ಪ್ರಶ್ನೆ ಕೇಳುವ ಜಾಗ. ನಾನು ನೋಡಿದ್ದು ಕಾಫಿ ಕುಡಿಯುವ ಜಾಗ. ಒಮ್ಮೆಯಾದರೂ ಆ ಕೋಣೆಯಲ್ಲಿ ನಿಜವಾದ ಸಭೆ ನಡೆಯಲಿ, ಅದನ್ನು ನಾನು ಬರೆದುಕೊಳ್ಳಲಿ ಎಂಬ ಚಪಲ ನನಗಿತ್ತು.

ಆ ದಿನ ಕೆಳಗೆ ಲಾರಿಯ ತಗಡು ಬಡಿಯುವ ಸದ್ದು ಜೋರಾಗಿತ್ತು. ಪೈಪಿನ ವಿಷಯ ಬಂದಾಗ ಪ್ರೊಫೆಸರ್ ಕನ್ನಡಕ ಸರಿಮಾಡಿಕೊಂಡು ವರದಿ ತೆರೆದರು. ಒಂದೊಂದೇ ಪುಟ ತಿರುವಿ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಕೊನೆಗೆ, “ಅಧ್ಯಕ್ಷರ ನಿಲುವು ತಪ್ಪು, ನಾನು ಒಪ್ಪೋದಿಲ್ಲ” ಎಂದರು.

ಬೀಗರು ಕಾಫಿ ಲೋಟವನ್ನೇ ನೋಡುತ್ತಿದ್ದರು. ಪೆದ್ದಾಯನರ ಮುಖ ಕೆಂಪಗಾಗಲಿಲ್ಲ, ಇನ್ನೂ ಶಾಂತವಾಯಿತು. ನನಗೆ ಹೆದರಿಕೆಯಾದದ್ದು ಅದಕ್ಕೇ. ಅವರು ನಿಧಾನವಾಗಿ ತಮ್ಮನ ಕಡೆ ತಿರುಗಿ, “ನುವ್ವೇಮಂಟಾವು?” ಎಂದರು, ನೀನೇನನ್ನುತ್ತೀಯ ಎಂದು.

ಹತ್ತು ದಿನದಿಂದ ನಿದ್ದೆ ಬಿಟ್ಟಿದ್ದ ಆ ತಮ್ಮ ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ. “ಅನ್ನಯ್ಯ ಹೇಳಿದ ಹಾಗೆ” ಎಂದ, ಅಣ್ಣನ ಮುಖ ನೋಡದೆ.

ಅಳಿಯ ಹಾಗೇ ಅಂದ. ಬೀಗರು ಹಾಗೇ ಅಂದರು. ಗೆಳೆಯರೂ ಹಾಗೇ ಅಂದರು. ಐದು ಮಾತಿನ ಎದುರು ಒಂದು ಮಾತು. ಹಂಗಾಮು ಮುಗಿಯುವವರೆಗೆ ಕಾರ್ಖಾನೆ ನಿಲ್ಲುವುದಿಲ್ಲ ಎಂದು ತೀರ್ಮಾನವಾಯಿತು. ಪ್ರೊಫೆಸರ್ ನನ್ನ ಕಡೆ ತಿರುಗಿ, “ನನ್ನ ವಿರೋಧ ದಾಖಲಾಗಲಿ” ಎಂದರು. ನಾನು ಬರೆದುಕೊಂಡೆ. ಪುಸ್ತಕದಲ್ಲಿರುವ ಹಾಗೇ ಸಭೆ ನಡೆದಿತ್ತು, ಮುನ್ನೂರು ಹೆಂಗಸರ ತಲೆಯ ಮೇಲಿನ ಪೈಪು ಹಾಗೇ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಅಮ್ಮನ ಮನೆಗೆ ಹೋದೆ. ಅವರು ಗೋಂಗುರದ, ಅಂದರೆ ನಮ್ಮ ಪುಂಡಿಸೊಪ್ಪಿನ, ಎಲೆ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಕೂರು ಅನ್ನಲಿಲ್ಲ.

“ಯಾಕಮ್ಮ ಹಂಗ ಮಾಡಿದಿ? ಇವತ್ತು ಕಾಫಿ ಕೊಡೋವಾಗ ಹೇಳ್ತಿದ್ನಲ್ಲ. ಒಂದಿನ ತಡೀಲಿಕ್ಕೆ ಆಗಲಿಲ್ಲೇನು ನಿನಗೆ?”

“ಈಗಲಾದ್ರೂ ಹೇಳಿ ಅಮ್ಮ. ಸೋಮವಾರ ಹಂಗಾಮಿನ ಮೊದಲನೇ ಲೋಡು ಬರುತ್ತೆ.”

“ಈಗ ಹೆಂಗ ಹೇಳ್ಲಿ? ಪರಾಯಿ ಮನಿಷಿ ಎದುರಿಗೆ, ಹೊರಗಿನವ್ರ ಮುಂದ ಆಡಿದ ಮಾತು. ಅದನ್ನ ಹಿಂದಕ ತಗೊಂಡ್ರ ಅವ್ರ ಮರ್ಯಾದಿ ಏನಾಗ್ಬೇಕು? ಬೆಳಿಗ್ಗಿ ಬಾಯಿ ತೆರದ್ನಿ, ಲೋಟ ಕೆಳಗಿಟ್ಟು ಎದ್ದು ಹೋದ್ರು. ಮೂವತ್ತೆಂಟು ವರ್ಷದಾಗ ಕಾಫಿ ಬಿಟ್ಟು ಎದ್ದಿದ್ದು ಇದೇ ಮೊದಲು.”

ನನಗೆ ಅಳು ಬಂತು. ಅಮ್ಮ ಸಮಾಧಾನ ಮಾಡಲಿಲ್ಲ. ಎಲೆ ಬಿಡಿಸುತ್ತಲೇ ಯೋಚಿಸಿದರು. ಆಮೇಲೆ, “ಸರ್ಲೇ. ಆ ಮೇಷ್ಟ್ರು ಪರಾಯಿ ಅಂತಲ್ಲ ಇಷ್ಟೆಲ್ಲಾ? ನನ್ನ ಕೈಯಾಗ ಉಂಡ್ರ ಪರಾಯಿ ಆಗಲ್ಲ. ಊಟಕ್ಕ ಕರ್ಕೊಂಡು ಬಾ. ಏನು ಹೇಳೋದಿದ್ರೂ ನನಗೆ ಹೇಳ್ಲಿ, ಅವ್ರಿಗೆ ಬ್ಯಾಡ” ಎಂದರು.

ಅಂದೇ ವಿಶಾಖಪಟ್ಟಣದ ರೈಲು ಹತ್ತಿದೆ. ಎಂವಿಪಿ ಕಾಲೋನಿಯ ಮನೆಯಲ್ಲಿ ಪ್ರೊಫೆಸರ್ ರಾಜೀನಾಮೆ ಪತ್ರ ಬರೆಯುತ್ತಿದ್ದರು, ಮೂರನೇ ಪುಟಕ್ಕೆ ಬಂದಿದ್ದರು. ನಾನು ಹೇಳಿದ್ದನ್ನು ಕೇಳಿ ಪೆನ್ನು ಮುಚ್ಚಿಟ್ಟರು.

“ಏನಮ್ಮಾ ನೀನು? ಅವರ ಮನೇಲಿ ಉಂಡು ಬಂದೋನು ಸ್ವತಂತ್ರ ನಿರ್ದೇಶಕ ಹೇಗಾಗ್ತೀನಿ? ಅಡುಗೆಮನೇಲಿ ಹೋಗಿ ಅರಿಕೆ ಮಾಡ್ಕೊಳ್ಳೋದಾದ್ರೆ ಮಂಡಳಿ ಯಾಕೆ ಬೇಕು? ಸಭೇಲೇ ಎತ್ತಿ ಅಂದೋಳು ನೀನೇ ಅಲ್ವೇನಮ್ಮಾ?”

“ನಾನೇ ಸರ್. ನಾನು ಹೇಳಿದ್ದು ತಪ್ಪು.”

“ತಪ್ಪಲ್ಲ ಕಣಮ್ಮಾ! ಅದೇ ಸರಿ! ಸರಿಯಾದ್ದನ್ನ ಸರಿಯಾದ ಜಾಗದಲ್ಲಿ ಹೇಳಿದೀನಿ. ಅದಕ್ಕಿಂತ ಹೆಚ್ಚು ನಾನೇನು ಮಾಡ್ಲಿ?”

ನನಗೂ ಮೂಗಿನ ತುದಿಯಲ್ಲೇ ಕೋಪ. “ನಿಮ್ಮ ಪತ್ರ ಚೆನ್ನಾಗಿ ಫೈಲ್ ಮಾಡ್ತೀನಿ ಸರ್. ಒಂದು ಹಾಳೆಯೂ ಕಳೆಯಲ್ಲ. ಆದರೆ ಅದಕ್ಕೆ ಮೊದಲು ಆ ಕಾರ್ಖಾನೆ ಒಂದ್ಸಲ ನೋಡಿ” ಎಂದೆ. ವರ್ಷದಿಂದ ನಿರ್ದೇಶಕರಾಗಿದ್ದ ಅವರು ಕಾರ್ಖಾನೆಯನ್ನೇ ನೋಡಿರಲಿಲ್ಲ. ಪೆದ್ದಾಯನ ಕರೆದಿರಲಿಲ್ಲ, ಇವರು ಕೇಳಿರಲಿಲ್ಲ. ನನಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಗೇಟಿನಲ್ಲೇ ಮೂಗು ಉರಿಯಿತು. ಒಳಗೆ ಉದ್ದನೆಯ ಮೇಜುಗಳ ಎರಡೂ ಬದಿ ಹೆಂಗಸರು ನಿಂತು ಸಿಗಡಿ ಸುಲಿಯುತ್ತಿದ್ದರು, ಕಾಲ ಕೆಳಗೆ ಐಸ್ ನೀರು. ಕೆಲವರು ಸೆರಗನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡಿದ್ದರು. ಪೆದ್ದಾಯನರ ತಮ್ಮ ನಮ್ಮನ್ನು ಯಂತ್ರದ ಕೋಣೆಗೆ ಕರೆದೊಯ್ದ. ಅಲ್ಲಿ ಪೈಪಿನ ಸಂದುಗಳಿಗೆಲ್ಲ ಒದ್ದೆ ಗೋಣಿಚೀಲ ಸುತ್ತಿತ್ತು. ಒಬ್ಬ ಕೆಲಸದವನು ಬಕೆಟ್ಟಿನಿಂದ ಗೋಣಿಯ ಮೇಲೆ ನೀರು ಹೊಯ್ಯುತ್ತಿದ್ದ. ಅಮೋನಿಯಾ ನೀರಿನಲ್ಲಿ ಕರಗುತ್ತದಂತೆ, ಗೋಣಿ ಒದ್ದೆಯಿರುವವರೆಗೆ ವಾಸನೆ ಅಷ್ಟಾಗಿ ಹೊರಗೆ ಬರುವುದಿಲ್ಲವಂತೆ. ಅವನಿಗೆ ದಿನವಿಡೀ ಅದೇ ಕೆಲಸ. ನನ್ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಪ್ರೊಫೆಸರ್ ಒಂದು ಕಡೆ ಗೋಣಿ ಸರಿಸಿ, ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಉಗುರಿನಿಂದ ಪೈಪನ್ನು ಕೆರೆದರು. ತುಕ್ಕು ಸಿಪ್ಪೆಯಂತೆ ಎದ್ದು ಬಂತು. ತಟ್ಟನೆ ಗೋಣಿಯನ್ನು ಮೊದಲಿನಂತೆ ಮುಚ್ಚಿದರು.

“ಆವತ್ತು ಸಭೇಲಿ ನೀವ್ಯಾಕೆ ಬಾಯಿ ಬಿಡಲಿಲ್ಲ?” ಎಂದು ನಾನು ತಮ್ಮನನ್ನು ಕೇಳಿಯೇಬಿಟ್ಟೆ. ತೆಲುಗಿನಲ್ಲಿ ಅವನು ಹೇಳಿದ್ದು ಇಷ್ಟು: “ಅನ್ನಯ್ಯ ನನ್ನನ್ನು ಹೊಡೆದರೂ ತಡ್ಕೋತೀನಿ ಮೇಡಂ. ಹೊರಗಿನವರ ಎದುರು ಅವನ ಮಾತು ಬಿದ್ದುಹೋಗೋದನ್ನ ನೋಡೋಕೆ ನನ್ನಿಂದಾಗಲ್ಲ.” ಅವನ ಕಣ್ಣಲ್ಲೂ ನೀರಿತ್ತು. ಅಮೋನಿಯಾದ್ದೋ ಬೇರೆಯದ್ದೋ ನನಗೆ ತಿಳಿಯಲಿಲ್ಲ.

ಹೊರಗೆ ಬಂದ ಮೇಲೆ ಪ್ರೊಫೆಸರ್ ಬಹಳ ಹೊತ್ತು ಕೆಮ್ಮಿದರು. ಆಮೇಲೆ, “ಊಟ ಯಾವತ್ತಮ್ಮಾ?” ಎಂದರು.

ಶನಿವಾರ ಊಟ. ಸೋಮವಾರಕ್ಕೆ ಲೋಡು. ಪೆದ್ದಾಯನ, ತಮ್ಮ, ಬೀಗರು, ಪ್ರೊಫೆಸರ್ ನಾಲ್ವರೂ ಎಲೆಯ ಮುಂದೆ ಕೂತಿದ್ದರು. ನಾನು ಅಮ್ಮನ ಹಿಂದೆ ನೀರಿನ ಜಗ್ ಹಿಡಿದು ನಿಂತಿದ್ದೆ. ಪೆದ್ದಾಯನ ಪ್ರೊಫೆಸರಿಗೆ ನಮಸ್ಕಾರ ಹೇಳಿದ್ದು ಬಿಟ್ಟರೆ ಒಂದು ಮಾತೂ ಆಡಿರಲಿಲ್ಲ. ಬೇಳೆಯ ಪಪ್ಪು ಬಂತು, ಗೋಂಗುರ ಬಂತು, ಸಾರು ಬಂತು. ಪ್ರೊಫೆಸರ್ ಮರೆತು ಪೆದ್ದಾಯನರ ಕಡೆ ತಿರುಗಿದರೆ, ಒಂದೇ ಒಂದು ಇಂಗ್ಲಿಷ್ ವಾಕ್ಯ ಶುರುಮಾಡಿದರೆ, ಎಲ್ಲ ಮುಗಿಯಿತು.

ಅಮ್ಮ ಅನ್ನ ಬಡಿಸುತ್ತಾ ಕನ್ನಡದಲ್ಲಿ ಕೇಳಿದರು. “ಮೇಷ್ಟ್ರೇ, ನಮ್ಮ ಫ್ಯಾಕ್ಟ್ರಿ ನೋಡ್ಕೊಂಡು ಬಂದ್ರಂತಲ್ಲ. ಹೆಂಗೈತಿ?”

ಪ್ರೊಫೆಸರ್ ತಲೆಯೆತ್ತದೆ, ತಮ್ಮ ಎಲೆಗೇ ಹೇಳುವಂತೆ ಹೇಳಿದರು. “ಪೈಪು ಸವೆದುಹೋಗಿದೆ ತಾಯಿ. ಉಗುರಲ್ಲಿ ಕೆರೆದ್ರೆ ಎದ್ದು ಬರುತ್ತೆ. ಒದ್ದೆ ಗೋಣಿ ಸುತ್ತಿ ಇಟ್ಟಿದಾರೆ.”

“ಗೋಣಿ ಒಣಗಿದ್ರ?”

“ಗಾಳಿ ಹೊರಗೆ ಬರುತ್ತೆ. ಉಸಿರು ಕಟ್ಟುತ್ತೆ. ಅಷ್ಟು ಜನ ಹೆಣ್ಣುಮಕ್ಕಳಿಗೆ ಹೊರಗೆ ಓಡೋಕೆ ಇರೋದು ಒಂದೇ ಬಾಗಿಲು.”

ಬೀಗರಿಗೆ ಕನ್ನಡ ಬಾರದು. ತಮ್ಮನಿಗೂ ಅಷ್ಟಕ್ಕಷ್ಟೆ. ಪೆದ್ದಾಯನರಿಗೆ ಮಾತ್ರ ಮೂವತ್ತೆಂಟು ವರ್ಷ ಹೆಂಡತಿಯ ಬಾಯಲ್ಲಿ ಕೇಳಿದ ಭಾಷೆ. ಅವರ ಕೈ ಅನ್ನದಲ್ಲಿ ನಿಂತಿತು. ಯಾರ ಕಡೆಗೂ ನೋಡದೆ ಹೆಂಡತಿಯನ್ನು ತೆಲುಗಿನಲ್ಲಿ ಕೇಳಿದರು, “ಎಷ್ಟು ದಿನವಂತೆ?”

ಅಮ್ಮ ಪ್ರೊಫೆಸರನ್ನು ಕನ್ನಡದಲ್ಲಿ ಕೇಳಿದರು. ಅವರು ಮೂರು ವಾರ ಅಂದರು. ಅಮ್ಮ ಅದನ್ನು ಗಂಡನಿಗೆ ತೆಲುಗಿನಲ್ಲಿ ಹೇಳಿದರು. ಒಂದು ಮಾರು ದೂರದಲ್ಲಿ ಕೂತಿದ್ದ ಅಧ್ಯಕ್ಷರೂ ನಿರ್ದೇಶಕರೂ ಸಾರಿನ ಸೌಟು ಹಿಡಿದ ಹೆಂಗಸಿನ ಮೂಲಕ ಸಭೆ ನಡೆಸಿದರು. ನಾನು ಕಂಡ ಮಂಡಳಿ ಸಭೆಗಳಲ್ಲಿ ಒಂದು ವಿಷಯ ನಿಜವಾಗಿ ಚರ್ಚೆಯಾದದ್ದು ಅಂದೇ.

ಪೆದ್ದಾಯನ ಮಜ್ಜಿಗೆ ಹಾಕಿಸಿಕೊಂಡು ಊಟ ಮುಗಿಸಿದರು. ಕೈ ತೊಳೆದು ಬಂದು ತಮ್ಮನಿಗೆ, “ಲೋಡು ಬೇರೆಯವರಿಗೆ ಕಳಿಸು. ಮೂರು ವಾರ ನಿಲ್ಲಿಸಿ ಪೈಪು ಹಾಕಿಸು. ಸಿಂಹಾಚಲದಲ್ಲಿ ಸ್ವಾಮಿ ಮುಂದೆಯೇ ಹಾಗಂದುಕೊಂಡಿದ್ದೆ” ಎಂದರು. ತಮ್ಮ ತಲೆಯಾಡಿಸಿದ. ಬೀಗರು ಒಳ್ಳೆಯ ಯೋಚನೆ ಎಂದರು. ಪೆದ್ದಾಯನ ನನ್ನ ಕಡೆ ನೋಡಿ, “ಆ ದಿನದ ಮಿನಿಟ್ಸ್ ಇನ್ನೂ ಬರೆದಿಲ್ಲ ಅಲ್ಲವಾ?” ಎಂದರು.

ಬರೆದಿದ್ದೆ. ನನ್ನ ಜೀವನದಲ್ಲಿ ಮೊದಲ ಸಲ, ಸಭೆ ಆದ ಮೇಲೆ, ನಡೆದದ್ದನ್ನು ನಡೆದಂತೆಯೇ ಬರೆದಿದ್ದೆ. ಪ್ರೊಫೆಸರರ ವಿರೋಧ, ಅವರ ಕಾರಣಗಳು, ಒಂದೂ ಬಿಡದೆ. ಆ ಹಾಳೆ ನನ್ನ ಚೀಲದಲ್ಲೇ ಇತ್ತು.

“ಇಲ್ಲ ಸರ್” ಎಂದೆ.

ಹೊಸದಾಗಿ ಟೈಪ್ ಮಾಡಿದೆ. ಅದೇ ದಿನ, ಅದೇ ಸಭೆ. ‘ಅಧ್ಯಕ್ಷರ ಸಲಹೆಯ ಮೇರೆಗೆ ಮಂಡಳಿಯು ಕೂಲಂಕಷವಾಗಿ ಚರ್ಚಿಸಿ, ದುರಸ್ತಿಗಾಗಿ ಕಾರ್ಖಾನೆಯನ್ನು ನಿಲ್ಲಿಸಲು ಸರ್ವಾನುಮತದಿಂದ ತೀರ್ಮಾನಿಸಿತು.’ ಇದು ಸುಳ್ಳು ದಾಖಲೆ. ನನ್ನ ಹುದ್ದೆಯವರು ಮಾಡಲೇಬಾರದ ಕೆಲಸ. ಮಾಡಿದೆ, ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಐದು ಕಿರುಸಹಿ ಬಿದ್ದ ಆ ಕರಡನ್ನು ಆರನೆಯದಕ್ಕಾಗಿ ಎಂವಿಪಿ ಕಾಲೋನಿಗೆ ಒಯ್ದೆ. ಪ್ರೊಫೆಸರ್ ಎರಡು ಸಲ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನಾನು ಕೇಳಿದ ಪ್ರಶ್ನೆ ಎಲ್ಲಮ್ಮಾ?”

ನಾನು ನೆಲ ನೋಡುತ್ತಾ ಕೂತೆ. ಅವರು ಸಹಿ ಹಾಕದಿದ್ದರೆ ಪೆದ್ದಾಯನರ ಮಾತು ಮತ್ತೆ ಹೊರಗಿನವನೊಬ್ಬನ ಎದುರು ಬಿದ್ದಂತಾಗುತ್ತಿತ್ತು. ಪೈಪು ಬಿಚ್ಚುವ ಕೆಲಸ ಅಂದೇ ಬೆಳಿಗ್ಗೆ ಶುರುವಾಗಿತ್ತು, ನಿಲ್ಲಿಸುವುದಕ್ಕೆ ಒಂದು ಫೋನ್ ಸಾಕಿತ್ತು. ಅದು ಅವರಿಗೂ ಗೊತ್ತಿತ್ತು. ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ, ಲೆಕ್ಕದ ಪ್ರತಿ ಮೆಟ್ಟಿಲೂ ತೋರಿಸದಿದ್ದರೆ ಅಂಕ ಕೊಡಲಾರೆ ಎಂದಿದ್ದ ಮನುಷ್ಯ. ಪೆನ್ನು ತೆಗೆದುಕೊಂಡು ಸಹಿ ಹಾಕಿದರು.

“ಬಾ, ಕೆಲಸ ಹೇಗೆ ನಡೀತಿದೆ ನೋಡೋಣ” ಎಂದು ಚಪ್ಪಲಿ ಮೆಟ್ಟಿದರು.

ಗೇಟಿನ ಹೊರಗೆ ನೂರಾರು ಹೆಂಗಸರು ಸೇರಿದ್ದರು. ಬೆಳಿಗ್ಗೆ ಎಂದಿನಂತೆ ಆಟೋಗಳಲ್ಲಿ ತುಂಬಿಕೊಂಡು ಬಂದವರಿಗೆ ಮೂರು ವಾರ ಕೆಲಸವಿಲ್ಲ ಎಂದು ಕಾವಲುಗಾರ ಹೇಳಿದ್ದ. ಯಾಕೆಂದು ಯಾರೂ ಹೇಳಿರಲಿಲ್ಲ. ದಿನಗೂಲಿಯವರು ಅವರು. ನಾವು ಇಷ್ಟು ದಿನ ಅವರಿಗಾಗಿ ಓಡಾಡಿದ್ದೆವು, ಅವರನ್ನು ಒಂದು ಮಾತು ಕೇಳಿರಲಿಲ್ಲ. ಆರು ಕುರ್ಚಿಯಲ್ಲೂ ಅವರಿಗೆ ಜಾಗವಿರಲಿಲ್ಲ, ಅಮ್ಮನ ಊಟದ ಪಂಕ್ತಿಯಲ್ಲೂ ಇರಲಿಲ್ಲ.

ನಮ್ಮ ಬಟ್ಟೆ ನೋಡಿ ಆಫೀಸಿನವರೆಂದು ಗುರುತು ಹಿಡಿದ ಒಬ್ಬ ಹೆಂಗಸು ಅಡ್ಡ ಬಂದು ನಿಂತಳು. ಸಿಗಡಿ ಸುಲಿದು ಸುಲಿದು ಅವಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. “ಹಂಗಾಮಿನ ಹೊತ್ತಲ್ಲಿ ಮುಚ್ಚಿಸಿದ ಪುಣ್ಯಾತ್ಮ ಯಾರು? ಅವನ ಹೆಸರು ಹೇಳಿ. ಮೂರು ವಾರ ನಮ್ಮ ಮಕ್ಕಳು ಏನು ತಿನ್ನಬೇಕು ಅಂತ ಅವನನ್ನೇ ಕೇಳ್ತೀವಿ” ಎಂದು ತೆಲುಗಿನಲ್ಲಿ ಕಿರುಚಿದಳು.

ಮಂಡಳಿಯ ತೀರ್ಮಾನ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರ್ ಒಂದು ಹೆಜ್ಜೆ ಮುಂದೆ ಹೋದರು.

“ನಾನೇ ತಾಯಿ” ಎಂದು ತೆಲುಗಿನಲ್ಲೇ ಹೇಳಿದರು. “ಮುಚ್ಚಬೇಕು ಅಂದವನು ನಾನೇ.”

ಅವಳು ಬೈದಳು. ಉಳಿದವರೂ ಸೇರಿಕೊಂಡರು. ಅವರು ಕೈಕಟ್ಟಿ ನಿಂತು ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ ಪೈಪಿನ ವಿಷಯವನ್ನು, ಗೋಣಿಯ ವಿಷಯವನ್ನು, ಒಂದೇ ಬಾಗಿಲಿನ ವಿಷಯವನ್ನು ಅವರಿಗೆ ಮೊದಲಿನಿಂದ ಹೇಳಿದರು. ಹಾಳೆಯಲ್ಲಿ ಇಲ್ಲದ ಪ್ರಶ್ನೆ ಅಲ್ಲಿ ಗೇಟಿನ ಮುಂದೆ, ಬಿಸಿಲಿನಲ್ಲಿ, ದಾಖಲಾಯಿತು. ಕೆಲವರು ಸುಮ್ಮನಾದರು. ಅಡ್ಡ ನಿಂತಿದ್ದ ಹೆಂಗಸು, “ಅದೆಲ್ಲ ಸರಿ, ಮೂರು ವಾರ ಏನು ತಿನ್ನೋದು?” ಎಂದು ಮತ್ತೆ ಅದನ್ನೇ ಕೇಳಿದಳು.

ಪ್ರೊಫೆಸರ್ ನನ್ನ ಕಡೆ ತಿರುಗಿದರು. ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಲು ಹೇಳುತ್ತಾರೆಂದು ನಾನು ಚೀಲದಿಂದ ಪುಸ್ತಕ ತೆಗೆದೆ.

“ಅದು ಆಮೇಲೆ” ಎಂದರು. “ಮೊದಲು ವಿಜಯವಾಡಕ್ಕೆ, ಊಟ ಬಡಿಸಿದರಲ್ಲ, ಆ ತಾಯಿಗೆ ಫೋನ್ ಮಾಡು.”